ಓದುಗರ ಪ್ರಶ್ನೆ: ಮಾರ್ಕನ ಸುವಾರ್ತೆಗೆ ಯಾವ ವ್ಯಾಖ್ಯಾನ?

ಪ್ರಶ್ನೆ: ನಮ್ಮದು ಪಿಂಪ್ರಿಯ ಹತ್ತು-ಹನ್ನೆರಡು ಮಂದಿಯ ಕನ್ನಡ ಮನೆಕೂಟ. ಬರುವ ತಿಂಗಳಿಂದ ಮಾರ್ಕನ ಸುವಾರ್ತೆಯನ್ನು ಪೂರ್ತಿ ಅಧ್ಯಯನ ಮಾಡಬೇಕೆಂದಿದ್ದೇವೆ. ಇಂಗ್ಲಿಷ್ ಓದುತ್ತೇವೆ, ಗ್ರೀಕ್ ಬಾರದು. ಕೂಟದ ಹಣ ನಾಲ್ಕು ಸಾವಿರ ಇದೆ. ಇಡೀ ಬೈಬಲಿನ ವ್ಯಾಖ್ಯಾನದ ಸೆಟ್ ರಿಯಾಯಿತಿಯಲ್ಲಿ ಸಿಗುತ್ತದೆ, ಅದನ್ನೇ ತೆಗೆದುಕೊಂಡುಬಿಡೋಣ ಎಂದು ಒಬ್ಬರ ಹಟ. ಏನು ಮಾಡೋಣ?
– ಒಬ್ಬ ಓದುಗರು, ಪುಣೆ

ಉತ್ತರ: ಸೆಟ್ ಬೇಡ. ಮಾಲೆಗೆ ಹೆಸರು ಒಂದೇ, ಬರೆದವರು ಹತ್ತಾರು ಮಂದಿ. ಒಂದು ಸಂಪುಟ ಗಟ್ಟಿಯಾಗಿದ್ದರೆ ಪಕ್ಕದ್ದು ಜೊಳ್ಳಾಗಿರಬಹುದು. ಮಾರ್ಕನ ಸಂಪುಟ ಬರೆದವರು ಯಾರು, ಯಾವ ವರ್ಷದ್ದು ಅನ್ನುವುದನ್ನಷ್ಟೇ ನೋಡಿ. ಉದಾಹರಣೆಗೆ ಟಿಂಡೇಲ್ ಮಾಲೆಯಲ್ಲಿ ಮಾರ್ಕನಿಗೆ ಎರಡು ಪುಸ್ತಕಗಳಿವೆ. 1961ರಲ್ಲಿ ಅಲನ್ ಕೋಲ್ ಬರೆದದ್ದು ಒಂದು, 2017ರಲ್ಲಿ ಅದರ ಜಾಗಕ್ಕೆ ಬಂದ ಎಕ್‌ಹಾರ್ಡ್ ಶ್ನಾಬೆಲ್ ಅವರದ್ದು ಇನ್ನೊಂದು. ಮಾಲೆಯ ಹೆಸರಷ್ಟೇ ಹೇಳಿ ಆರ್ಡರ್ ಮಾಡಿದರೆ ಹಳೆಯದು ಬಂದು ಕೂರುತ್ತದೆ. ವರ್ಡ್ (ವರ್ಡ್ ಬಿಬ್ಲಿಕಲ್ ಕಾಮೆಂಟರಿ) ಮಾಲೆಯಲ್ಲಿ ಇನ್ನೊಂದು ಎಡವಟ್ಟು: ಅಲ್ಲಿ ಮಾರ್ಕ ಎರಡು ಸಂಪುಟ. 34ಎ (ಗ್ಯೂಲಿಕ್, 1989) 8:26ಕ್ಕೆ ನಿಂತುಹೋಗುತ್ತದೆ; ಮುಂದಿನದು ಇವಾನ್ಸ್ ಬರೆದ 34ಬಿ. ಮೊದಲನೆಯದನ್ನಷ್ಟೇ ಕೊಂಡರೆ, ಯೇಸುವೇ ಕ್ರಿಸ್ತನೆಂಬ ಪೇತ್ರನ ಅರಿಕೆಯ ಹೊಸ್ತಿಲಲ್ಲೇ ಕೂಟ ನಿಲ್ಲುತ್ತದೆ.

ಕೊಳ್ಳುವ ಮೊದಲು ಒಂದು ಕಷ್ಟದ ವಚನ ಹಿಡಿದು ಪರೀಕ್ಷಿಸಿ. ಮಾರ್ಕನಿಗೆ 1:41 ಸಾಕು. ಕುಷ್ಠರೋಗಿಯನ್ನು ಕಂಡ ಯೇಸು ಕನಿಕರಪಟ್ಟನೆಂದು ನಮ್ಮ ಸತ್ಯವೇದ ಹೇಳುತ್ತದೆ. ಬೇಜಾ ಎಂಬ ಹಸ್ತಪ್ರತಿಯಲ್ಲೂ ಕೆಲವು ಹಳೆಯ ಲ್ಯಾಟಿನ್ ಪ್ರತಿಗಳಲ್ಲೂ ಇರುವುದು 'ಕೋಪಗೊಂಡು' ಎಂದು. ಕೋಪವನ್ನು ತಿದ್ದಿ ಕನಿಕರ ಮಾಡಿದ ಬರಹಗಾರನನ್ನು ಊಹಿಸಬಹುದು, ಕನಿಕರವನ್ನು ಅಳಿಸಿ ಕೋಪ ಬರೆದವನನ್ನು ಊಹಿಸುವುದು ಕಷ್ಟ. ಹೋಲಿಸಿ ನೋಡಿದರೆ ಮತ್ತಾಯ 8:3, ಲೂಕ 5:13ರಲ್ಲಿ ಕನಿಕರವೂ ಇಲ್ಲ, ಕೋಪವೂ ಇಲ್ಲ. ಎರಡೇ ವಚನ ಮುಂದೆ, 1:43ರಲ್ಲಿ, ಯೇಸು ಅವನನ್ನು ಗದರಿಸಿ ಕಳಿಸುವಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದವು ಕುದುರೆ ಬುಸುಗುಟ್ಟುವುದಕ್ಕೂ ಬರುವಂಥದ್ದು. ಆದರೆ ಬಹುಪಾಲು ಪ್ರತಿಗಳು ಕನಿಕರದ ಪರ. ನೀವು ಹಿಡಿದ ಪುಸ್ತಕ ಇಷ್ಟನ್ನೂ ಮುಂದಿಟ್ಟು, ಕೊನೆಗೆ ತಾನು ಯಾವುದನ್ನು ಒಪ್ಪುತ್ತೇನೆ, ಯಾಕೆ ಎಂದು ಹೇಳಿದರೆ ಅದು ಅಧ್ಯಯನದ ವ್ಯಾಖ್ಯಾನ. ಕನಿಕರದ ಮೇಲೆ ಎರಡು ಪ್ಯಾರಾ ಉಪದೇಶ ಮಾಡಿ ಮುಂದೆ ಹೋದರೆ ಧ್ಯಾನದ ಪುಸ್ತಕ. ಅದೂ ಬೇಕಾದದ್ದೇ, ಈ ಹಣಕ್ಕಲ್ಲ. ಇನ್ನೂ ಅನುಮಾನವಿದ್ದರೆ 16:9-20 ತೆರೆಯಿರಿ: ಸೈನೈಟಿಕಸ್, ವ್ಯಾಟಿಕಾನಸ್ ಎಂಬ ಬಹಳ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಈ ಹನ್ನೆರಡು ವಚನಗಳಿಲ್ಲ ಎಂಬುದನ್ನೇ ಎತ್ತದ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ.

ಈ ಪರೀಕ್ಷೆಯನ್ನು ಪುಣೆಯಲ್ಲೇ ಮಾಡಬಹುದು. ಬಿಬ್ವೇವಾಡಿಯಲ್ಲಿ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಇದೆ, ನಗರ ರಸ್ತೆಯಲ್ಲಿ ಜ್ಞಾನದೀಪ ಎಂಬ ಕಥೋಲಿಕ ದೇವಶಾಸ್ತ್ರ ಸಂಸ್ಥೆ. ಹೊರಗಿನವರನ್ನು ಲೈಬ್ರರಿಯಲ್ಲಿ ಓದಲು ಬಿಡುತ್ತಾರೆಯೇ ಎಂದು ಫೋನ್ ಮಾಡಿ ಕೇಳಿ, ಪಾಸ್ಟರರ ಪತ್ರ ಹಿಡಿದು ಹೋಗಿ.

ನಿಮ್ಮ ಕೂಟಕ್ಕೆ ಶ್ನಾಬೆಲ್ ಒಂದು, ಎನ್‌ಐಸಿಎನ್‌ಟಿ (ನ್ಯೂ ಇಂಟರ್‌ನ್ಯಾಷನಲ್ ಕಾಮೆಂಟರಿ ಆನ್ ದ ನ್ಯೂ ಟೆಸ್ಟಮೆಂಟ್) ಮಾಲೆಯ ವಿಲಿಯಂ ಲೇನ್ (1974) ಒಂದು ಸಾಕು. ಲೇನ್ ಗ್ರೀಕ್ ಚರ್ಚೆಯನ್ನು ಹೆಚ್ಚಾಗಿ ಅಡಿಟಿಪ್ಪಣಿಗೆ ಇಳಿಸಿರುವುದರಿಂದ ಮೇಲಿನ ಭಾಗ ಸರಾಗ ಓದಿಸಿಕೊಳ್ಳುತ್ತದೆ. ಆರ್.ಟಿ. ಫ್ರಾನ್ಸ್ ಬರೆದ ಮಾರ್ಕನ ವ್ಯಾಖ್ಯಾನ (2002) ಒಳ್ಳೆಯದೇ, ಆದರೆ ಸಾಲುಸಾಲಿಗೂ ಗ್ರೀಕ್ ಲಿಪಿ, ಲೈಬ್ರರಿಯಲ್ಲೇ ನೋಡಿಕೊಳ್ಳಿ. ವರ್ಡ್ ಸಂಪುಟ ಸಿಕ್ಕರೆ ಮೊದಲ ಪುಟದಿಂದ ಶುರು ಮಾಡಬೇಡಿ. ಪ್ರತಿ ಭಾಗದ ತಲೆಯಲ್ಲಿ ಪುಸ್ತಕಗಳ ಪಟ್ಟಿ, ಆಮೇಲೆ ಅನುವಾದ, ಪಾಠಾಂತರದ ಟಿಪ್ಪಣಿ, ರಚನೆ, ವಿವರಣೆ, ಎಲ್ಲಕ್ಕೂ ಕೊನೆಗೆ ತಾತ್ಪರ್ಯ. ಬಾಲದಿಂದ ಹತ್ತಿ: ಮೊದಲು ತಾತ್ಪರ್ಯ, ಆಮೇಲೆ ವಿವರಣೆ.

ಪ್ರಶ್ನೆ: ನಾವು ಕಥೋಲಿಕರು. ಸ್ನೇಹಿತರು ಕೊಟ್ಟ ವ್ಯಾಖ್ಯಾನದಲ್ಲಿ ತೋಬಿತನೂ ಇಲ್ಲ, ಮಕ್ಕಬಿಯರೂ ಇಲ್ಲ. ಪುಟ ಕಿತ್ತುಹೋಗಿದೆಯೇ?
– ಒಬ್ಬ ಓದುಗರು, ವಾಸ್ಕೊ

ಉತ್ತರ: ಪುಟ ನೆಟ್ಟಗಿದೆ. ಪ್ರಾಟೆಸ್ಟಂಟ್ ವ್ಯಾಖ್ಯಾನಗಳು ಸಾಮಾನ್ಯವಾಗಿ 66 ಗ್ರಂಥಗಳಿಗೆ ಮಾತ್ರ. ನಿಮ್ಮ ಬೈಬಲಿನಲ್ಲಿ ತೋಬಿತ, ಮಕ್ಕಬಿಯರೂ ಸೇರಿ 73. ದಾನಿಯೇಲನ 13, 14ನೇ ಅಧ್ಯಾಯಗಳೂ ಅಲ್ಲಿ ಸಿಗುವುದಿಲ್ಲ. ಕಥೋಲಿಕ ವಿದ್ವಾಂಸರು ಬರೆದ 'ನ್ಯೂ ಜೆರೋಮ್ ಬಿಬ್ಲಿಕಲ್ ಕಾಮೆಂಟರಿ' (1990) ನೋಡಿ. ಬೆಂಗಳೂರಿನ ಥಿಯಲಾಜಿಕಲ್ ಪಬ್ಲಿಕೇಷನ್ಸ್ ಇನ್ ಇಂಡಿಯಾ ಅದರ ಭಾರತೀಯ ಮುದ್ರಣ ತಂದಿದೆ. ಪೂರ್ತಿ ಹೊಸದಾಗಿ ಬರೆಸಿದ ಆವೃತ್ತಿ 2022ರಲ್ಲಿ ಬಂದಿದೆ. ಒಂದೇ ಸಂಪುಟವಾದ್ದರಿಂದ ಕಷ್ಟದ ವಚನಕ್ಕೆ ನಾಲ್ಕೈದು ಸಾಲಿಗಿಂತ ಹೆಚ್ಚು ನಿರೀಕ್ಷಿಸಬೇಡಿ. ಒಳಪುಟದಲ್ಲಿ 'ಇಂಪ್ರಿಮಾಟುರ್' (ಮುದ್ರಣಕ್ಕೆ ಬಿಷಪರ ಅನುಮತಿ) ಎಂದಿದ್ದರೆ ವಿಶ್ವಾಸಕ್ಕೆ ವಿರುದ್ಧವಾದದ್ದು ಕಂಡುಬಂದಿಲ್ಲ ಎಂದು ಅರ್ಥ, ಲೇಖಕರ ಪ್ರತಿ ಅಭಿಪ್ರಾಯಕ್ಕೂ ಧರ್ಮಸಭೆಯ ಒಪ್ಪಿಗೆ ಇದೆ ಎಂದಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ಮ್ಯಾಥ್ಯೂ ಹೆನ್ರಿಯ ಬೈಬಲ್ ವ್ಯಾಖ್ಯಾನ ಪುಕ್ಕಟೆ ಸಿಗುವಾಗ ದುಡ್ಡು ಯಾಕೆ ಸುರಿಯಬೇಕು?
– ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಪ್ರಸಂಗಕ್ಕೆ ಇಂದಿಗೂ ಒದಗುವ ಪುಸ್ತಕ ಅದು. ಆದರೆ ಹೆನ್ರಿ ತೀರಿಕೊಂಡದ್ದು 1714ರಲ್ಲಿ. ಸೈನೈಟಿಕಸ್ ಪ್ರತಿ ವಿದ್ವಾಂಸರ ಕೈಗೆ ಬಂದದ್ದು 19ನೇ ಶತಮಾನದಲ್ಲಿ, ಹಳೆಯ ಹೀಬ್ರೂ ಬೈಬಲ್ ಪ್ರತಿಗಳಿರುವ ಮೃತ ಸಮುದ್ರದ ಸುರುಳಿಗಳು 1940ರ ದಶಕದ ಕೊನೆಯಲ್ಲಿ. ಅವುಗಳ ಬಗ್ಗೆ ಅವರನ್ನು ಕೇಳಿ ಫಲವಿಲ್ಲ. ಇನ್ನೊಂದು: ಅವರೇ ಬರೆದದ್ದು ಅಪೊಸ್ತಲರ ಕೃತ್ಯಗಳವರೆಗೆ. ರೋಮಾಪುರದ ಪತ್ರಿಕೆಯಿಂದ ಪ್ರಕಟನೆಯವರೆಗಿನದನ್ನು ಅವರ ನಂತರ ಬೇರೆ ಬೋಧಕರು ಬರೆದು ಮುಗಿಸಿದರು. ರೋಮಾಪುರದ ಪತ್ರಿಕೆಯ ಭಾಗ ತೆರೆದು 'ಹೆನ್ರಿ ಹೀಗೆನ್ನುತ್ತಾರೆ' ಎಂದು ವೇದಿಕೆಯಲ್ಲಿ ಹೇಳಬೇಡಿ.