ಹಲ್ಲು ತಿಂದದ್ದು ಮಗುವಲ್ಲ

ಪ್ರಶ್ನೆ: ನನಗೀಗ ಏಳು ತಿಂಗಳು. ದವಡೆ ಹಲ್ಲು ಹುಳುಕಾಗಿ ನೋಯುತ್ತಿದೆ. ‘ಮಗು ಹಲ್ಲಿನ ಕ್ಯಾಲ್ಸಿಯಂ ಎಳೀತದೆ, ಬಸಿರಿಗೊಂದು ಹಲ್ಲು ಹೋಗೂದೇ’ ಅಂತಾರೆ ಅತ್ತೆ. ದಿನಾ ಮಜ್ಜಿಗೆಗೆ ಅಕ್ಕಿಕಾಳಿನಷ್ಟು ಸುಣ್ಣ ಕದಡಿ ಕೊಡುತ್ತಾರೆ. ಇನ್ನು ಕ್ಯಾಲ್ಸಿಯಂ ಗುಳಿಗೆ ಬಿಡಬಹುದೇ? (ಅಂಕೋಲಾ)

ಉತ್ತರ: ಊರಿನ ಹೆಸರು ಬದಲಾಗುತ್ತದೆ, ಪತ್ರ ಇದೇ. ಗುಳಿಗೆ ಬಿಡಬೇಡಿ, ಸುಣ್ಣ ಬಿಡಿ.

ಹಲ್ಲಿಗೆ ಸೇರಿದ ಕ್ಯಾಲ್ಸಿಯಂ ರಕ್ತಕ್ಕೆ ವಾಪಸಾಗುವುದಿಲ್ಲ. ಹುಳುಕಿಗೆ ಕಾರಣ ವಾಂತಿಯ ಹುಳಿ, ಗಳಿಗೆಗೊಮ್ಮೆ ತಿನ್ನುವ ಬಿಸ್ಕಿಟ್, ವಾಕರಿಕೆ ಅಂತ ಮೂಲೆಗಿಟ್ಟ ಬ್ರಶ್. ಹೆರಿಗೆಯಾಗಲಿ ಎಂದು ಕಾಯದೆ ಈ ವಾರವೇ ದಂತವೈದ್ಯರಿಗೆ ತೋರಿಸಿ.

ಮಗು ಎಳೆಯುವುದೇನೋ ನಿಜ. ಹುಟ್ಟುವಾಗ ಅದರ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಸುಮಾರು ಶೇ 80 ಸೇರುವುದು ಕೊನೆಯ ಮೂರು ತಿಂಗಳಲ್ಲಿ. ಇದು ತಾನಾಗಿ ಹರಿದು ಹೋಗುವಂಥದ್ದಲ್ಲ. ತಾಯಿಯ ರಕ್ತಕ್ಕಿಂತ ಮಗುವಿನ ರಕ್ತದಲ್ಲೇ ಕ್ಯಾಲ್ಸಿಯಂ ಮಟ್ಟ ಹೆಚ್ಚು. ತಗ್ಗಿನ ಹೊಳೆಯಿಂದ ಏರಿನ ತೋಟಕ್ಕೆ ನೀರೆತ್ತಿದ ಹಾಗೆ ಎತ್ತಬೇಕು. ಎತ್ತುವುದು ಮಾಸು, ಅಂದರೆ ಪ್ಲಸೆಂಟಾ. ಅದರ ಜೀವಕೋಶದ ತಾಯಿ ಕಡೆಯ ಬಾಗಿಲಿನಿಂದ ಕ್ಯಾಲ್ಸಿಯಂ ಒಳಬರುತ್ತದೆ, ಕ್ಯಾಲ್‌ಬಿಂಡಿನ್ ಎಂಬ ಪ್ರೋಟೀನು ಅದನ್ನು ಹೊತ್ತು ಆಚೆ ದಡ ಮುಟ್ಟಿಸುತ್ತದೆ, ಅಲ್ಲಿನ ಪಂಪು ಶಕ್ತಿ ಸುಟ್ಟು ಮಗುವಿನ ರಕ್ತಕ್ಕೆ ನೂಕುತ್ತದೆ.

ಈ ಖರ್ಚಿಗಾಗಿ ನಿಮ್ಮ ಕರುಳು ಮೊದಲ ತಿಂಗಳುಗಳಿಂದಲೇ ತಯಾರಾಗಿ, ಊಟದಿಂದ ಹೆಚ್ಚುಕಮ್ಮಿ ಇಮ್ಮಡಿ ಹೀರುತ್ತದೆ. ಊಟದಲ್ಲೇ ಇಲ್ಲದಿದ್ದರೆ? ಆಗ ಮೂಳೆಯಿಂದ ಸಾಲ.

ಇನ್ನು ಸುಣ್ಣದ ಲೆಕ್ಕ. ಅಕ್ಕಿಕಾಳಿನ ತೂಕ 20 ಮಿಲಿಗ್ರಾಂ ಆಸುಪಾಸು. ಅಷ್ಟು ಸುಣ್ಣದಲ್ಲಿ ಸಿಗುವ ಕ್ಯಾಲ್ಸಿಯಂ ಹತ್ತು ಚಿಲ್ಲರೆ ಮಿಲಿಗ್ರಾಂ. ನಿಮಗೆ ಬೇಕಾದ್ದು ದಿನಕ್ಕೆ 1000. ಅತ್ತೆ ಅದನ್ನು ಕದಡಿದ ಮಜ್ಜಿಗೆಯಲ್ಲೇ ಅದರ ಹಲವು ಪಟ್ಟು ಇದೆ! ಕಾಳು ಸಾಲದೆಂದು ಉಂಡೆ ಮಾಡಿದರೆ ಬಾಯಿ, ಗಂಟಲು ಸುಡುತ್ತದೆ. ಸಂತೆಯಲ್ಲಿ ಶಂಖಭಸ್ಮದ ಪೊಟ್ಟಣ ಮಾರುವವರ ಬಗ್ಗೆ ಇಲ್ಲಿ ಬರೆಯಲಾರೆ, ಭಾಷೆ ಕೆಡುತ್ತದೆ.

ಸರ್ಕಾರಿ ಗುಳಿಗೆ 500 ಮಿಲಿಗ್ರಾಂನದು. ದಿನಕ್ಕೆರಡು, ಊಟದೊಟ್ಟಿಗೆ. ಕಬ್ಬಿಣದ ಗುಳಿಗೆಗೂ ಇದಕ್ಕೂ ಎರಡು ತಾಸು ಅಂತರವಿರಲಿ. ಎರಡನ್ನೂ ಒಟ್ಟಿಗೆ ನುಂಗಿ ‘ರಕ್ತ ಏರಲೇ ಇಲ್ಲ’ ಎಂದು ಬರುವವರನ್ನು ನೋಡಿ ಸಾಕಾಗಿದೆ. ಮೀನು ತಿನ್ನುವವರಾದರೆ ತಾರ್ಲೆಯನ್ನು ಮುಳ್ಳು ಮೆತ್ತಗಾಗುವಂತೆ ಬೇಯಿಸಿ, ಮುಳ್ಳು ಸಮೇತ ತಿನ್ನಿ. ಕ್ಯಾಲ್ಸಿಯಂ ಇರುವುದು ಅಲ್ಲೇ.

ಗುಳಿಗೆ ತಿಂದರೆ ಮಗುವಿನ ತಲೆ ಗಟ್ಟಿಯಾಗಿ ಹೆರಿಗೆ ಕಷ್ಟವಂತೆ? (ಕುಮಟಾ)
ಇಲ್ಲ.

ಸ್ಕ್ಯಾನಿನಲ್ಲಿ ‘ಮಾಸಿನಲ್ಲಿ ಕ್ಯಾಲ್ಸಿಯಂ’ ಎಂದು ಬಂದಿದೆ. ಗುಳಿಗೆಯದ್ದೇ? (ಕಾರವಾರ)
ಅಲ್ಲ. ಮಾಸಿಗೆ ವಯಸ್ಸಾಗುವ ಗುರುತು. ದಿನ ತುಂಬಲು ಬಹಳ ಮೊದಲೇ ಕಂಡಿದ್ದರೆ ಮಾತ್ರ ವೈದ್ಯರನ್ನು ಕೇಳಿ.

ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆಯೇ? (ಸಿರ್ಸಿ)
ಹಾಲು ಕುಡಿಯಿರಿ. ಕೇಸರಿಯ ದುಡ್ಡಿಗೆ ರಾಗಿ ತನ್ನಿ.