ಹುದ್ದೆ ಯಾವುದು ಅಂತ ಮೊದಲು ಹೇಳಿ

ಓದುಗರ ಪ್ರಶ್ನೆ: ಶಿಕ್ಷಕರ ಮುಂದಿನ ಓದು

ಮುಖ್ಯ ಶಿಕ್ಷಕರಾಗಲು, ವಿಶೇಷ ಶಿಕ್ಷಕರಾಗಲು ಯಾವ ಕೋರ್ಸು ಮಾಡಬೇಕು ಎಂದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಬಹುತೇಕರು ಕೋರ್ಸಿನ ಹೆಸರು ಬರೆದು 'ಸೇರಬಹುದೇ?' ಎಂದು ಕೇಳಿದ್ದಾರೆ. ಯಾವ ಹುದ್ದೆಗಾಗಿ ಎಂದು ಬರೆದವರು ಕಡಿಮೆ. ಹುದ್ದೆ ಗೊತ್ತಾಗದೆ ಕೋರ್ಸು ಹೇಳುವುದು, ಊರಿನ ಹೆಸರು ಕೇಳದೆ ಬಸ್ಸು ತೋರಿಸಿದಂತೆ. ಆರು ಪತ್ರಗಳನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಸಹ ಶಿಕ್ಷಕಿ. ಡಿ.ಎಡ್. ಮೇಲೆ ಬಿ.ಎ., ಬಿ.ಎಡ್. ಮಾಡಿಕೊಂಡಿದ್ದೇನೆ. ಸೇವೆಗೆ ಸೇರಿ ಹತ್ತಿರಹತ್ತಿರ ಹದಿನೈದು ವರ್ಷ. ಮುಖ್ಯ ಶಿಕ್ಷಕಿಯಾಗಬೇಕು, ಆದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಹುದ್ದೆಗೂ ಪ್ರಯತ್ನಿಸಬೇಕು ಎಂಬ ಆಸೆ. ತುಮಕೂರಿಗೆ ಹೋಗಿ ಎಂ.ಎಡ್. ಮಾಡಲೇ, ಅಥವಾ ಇಗ್ನೋದ ಶೈಕ್ಷಣಿಕ ಆಡಳಿತ ಡಿಪ್ಲೊಮಾ ಸಾಕೇ? (ಶಿಕ್ಷಕಿ, ಶಿರಾ)

ಉತ್ತರ: ಎಂ.ಎಡ್. ಮಾಡಿದ ಮಾತ್ರಕ್ಕೆ ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಹೆಸರು ಒಂದು ಸಾಲೂ ಮೇಲೇರುವುದಿಲ್ಲ. ಬಡ್ತಿ ನಡೆಯುವುದು ಜ್ಯೇಷ್ಠತೆ ಮತ್ತು ವೃಂದ ಮತ್ತು ನೇಮಕಾತಿ ನಿಯಮದ ಮೇಲೆ. ನಮ್ಮವರು 'ಸಿ ಅಂಡ್ ಆರ್' ಎನ್ನುವುದು ಇದನ್ನೇ. ಆದ್ದರಿಂದ ಡಿಡಿಪಿಐ, ಅಂದರೆ ಜಿಲ್ಲಾ ಉಪನಿರ್ದೇಶಕರ ಕಚೇರಿಯಲ್ಲಿ ಮೊದಲು ಎರಡು ಸಂಗತಿ ನೋಡಿಕೊಳ್ಳಿ: ಈಗಿನ ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ, ಮತ್ತು ಬಿ.ಎ., ಬಿ.ಎಡ್. ನಿಮ್ಮ ಸೇವಾ ದಾಖಲೆಯಲ್ಲಿ ನಮೂದಾಗಿವೆಯೇ ಎಂಬುದು. ಪದವಿ ಪಡೆದು ವರ್ಷಗಳಾದರೂ ನಮೂದು ಮಾಡಿಸದೆ, ಬಡ್ತಿ ಕೌನ್ಸೆಲಿಂಗ್ ಹೊತ್ತಿಗೆ ಅಂಕಪಟ್ಟಿ ಹಿಡಿದು ಓಡಾಡುವವರು ಪ್ರತಿ ಸಲವೂ ಇರುತ್ತಾರೆ.

ನಿಮಗೆ ಎಂ.ಎಡ್.ಗಿಂತ ತುರ್ತಾದದ್ದು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಒಂದರಿಂದ ಎಂಟನೇ ತರಗತಿಗೆ ಪಾಠ ಮಾಡುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಪರೀಕ್ಷೆಯಿಲ್ಲದೆ ಸೇವೆಯಲ್ಲಿ ಮುಂದುವರಿಯಬಹುದು, ಆದರೆ ಬಡ್ತಿ ಬೇಕೆಂದರೆ ಅವರಿಗೂ ಟಿಇಟಿ ಬೇಕು. ನೀವು ನೇಮಕವಾದ ಕಾಲದಲ್ಲಿ ನಮ್ಮಲ್ಲಿ ಈ ಪರೀಕ್ಷೆಯೇ ಶುರುವಾಗಿರಲಿಲ್ಲ, ಹಾಗಾಗಿ ನಿಮ್ಮ ಬಳಿ ಪ್ರಮಾಣಪತ್ರ ಇರಲಿಕ್ಕಿಲ್ಲ. ಆರರಿಂದ ಎಂಟನೇ ತರಗತಿಗೆ ಪಾಠ ಮಾಡುವವರು ಬರೆಯಬೇಕಾದದ್ದು ಎರಡನೇ ಪತ್ರಿಕೆ. 150 ಅಂಕಗಳಲ್ಲಿ ಶಿಶು ವಿಕಸನ ಮತ್ತು ಬೋಧನಾಶಾಸ್ತ್ರ 30, ಎರಡು ಭಾಷೆಗಳಿಗೆ ತಲಾ 30, ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನ 60. ಸಾಮಾನ್ಯ ವರ್ಗಕ್ಕೆ 90 ಬಂದರೆ ಪಾಸು. ಅನುಭವಿ ಶಿಕ್ಷಕರು ಎಡವುವುದು ಹೆಚ್ಚಾಗಿ ವಿಷಯದಲ್ಲಲ್ಲ. ಶಿಶು ವಿಕಸನದ 30 ಅಂಕಗಳಲ್ಲಿ ಮತ್ತು ಎರಡನೇ ಭಾಷೆ ಇಂಗ್ಲಿಷಿನಲ್ಲಿ. ಡಿ.ಎಡ್. ಕಾಲದಲ್ಲಿ ಓದಿದ ಪಿಯಾಜೆ, ವೈಗೋಟ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರ ಕುರಿತ ನೋಟ್ಸನ್ನು ಮತ್ತೆ ತೆಗೆಯಿರಿ. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ಚಾಲ್ತಿಯಲ್ಲಿರುತ್ತದೆ.

ಇನ್ನು ಎಂ.ಎಡ್. ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮದಂತೆ ಅದು ಎರಡು ವರ್ಷದ, ದಿನವಿಡೀ ಕಾಲೇಜಿನಲ್ಲಿರಬೇಕಾದ ಕೋರ್ಸು. ವರ್ಷಕ್ಕೆ 200 ಕೆಲಸದ ದಿನ, ತರಗತಿಗೆ 80%, ಕ್ಷೇತ್ರಕಾರ್ಯಕ್ಕೆ 90% ಹಾಜರಾತಿ. ಅಂದರೆ ತರಗತಿ ಹಾಜರಾತಿಯೊಂದಕ್ಕೇ ಸುಮಾರು 160 ದಿನ ಬೇಕು. ಶಿರಾದಿಂದ ಬೆಳಿಗ್ಗೆ ತುಮಕೂರಿಗೆ ಹೋಗಿ ಮಧ್ಯಾಹ್ನ ಶಾಲೆಗೆ ಬಂದು ಸಹಿ ಮಾಡುವ ಲೆಕ್ಕ ಇಲ್ಲಿ ನಡೆಯದು. ರಜೆ ಹಾಕದೆ ಎರಡೂ ಕಡೆ ಹಾಜರಾತಿ ತೋರಿಸಿದರೆ, ಮುಂದೊಂದು ದಿನ ಪದವಿಯ ಜತೆ ಸಂಬಳದ ಪ್ರಶ್ನೆಯೂ ಎದುರಾಗುತ್ತದೆ. ಸೇರಲೇಬೇಕೆಂದರೆ ಬಿಇಒ ಮೂಲಕ ಅರ್ಜಿ ಕೊಟ್ಟು, ನೇಮಕಾತಿ ಪ್ರಾಧಿಕಾರದ ಲಿಖಿತ ಅನುಮತಿ ಮತ್ತು ರಜೆ ಮಂಜೂರಾತಿ ಕೈಗೆ ಬಂದ ಮೇಲೆ ಪ್ರವೇಶ ಪಡೆಯಿರಿ. ಅನುಮತಿ ಪತ್ರದ ದಿನಾಂಕ ಪ್ರವೇಶದ ದಿನಾಂಕಕ್ಕಿಂತ ಹಿಂದಿನದಾಗಿರಬೇಕು. ಹಿಂದುಮುಂದಾದರೆ 'ಘಟನೋತ್ತರ ಅನುಮತಿ' ಎಂಬ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತಲೇ ಇರುತ್ತದೆ. ಒಂದು ವರ್ಷದ ಬಿ.ಎಡ್., ಎಂ.ಎಡ್. ಕೋರ್ಸುಗಳನ್ನು ತರುವ ಪ್ರಸ್ತಾಪ 2025ರ ಎನ್‌ಸಿಟಿಇ ಕರಡಿನಲ್ಲಿ ಬಂದಿದೆ. ಕರಡು ಪತ್ರಿಕೆಯಲ್ಲಿ ಬಂತು ಎಂದು ಲೆಕ್ಕ ಹಾಕಬೇಡಿ. ನೀವು ಸೇರುವ ವರ್ಷದ ವಿವರಣಾ ಪುಸ್ತಿಕೆಯಲ್ಲಿ ಏನಿದೆಯೋ ಅದು ನಿಮಗೆ ಅನ್ವಯ.

ಎಂ.ಎಡ್. ನಿಜಕ್ಕೂ ಕೆಲಸಕ್ಕೆ ಬರುವುದು ಬಿ.ಎಡ್. ಕಾಲೇಜು, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇಂಥ ಕಡೆ ಶಿಕ್ಷಕರಿಗೆ ತರಬೇತಿ ಕೊಡುವ ಹುದ್ದೆಗಳಿಗೆ. ಅಲ್ಲಿಗೂ ಅದೊಂದೇ ಸಾಲದು. ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡಲು ಸಾಮಾನ್ಯವಾಗಿ ವಿಷಯದ ಸ್ನಾತಕೋತ್ತರ ಪದವಿಯಲ್ಲಿ 55%, ಎಂ.ಎಡ್.ನಲ್ಲಿ 55% ಕೇಳುತ್ತಾರೆ. ಆ ಕಡೆ ಮನಸ್ಸಿದ್ದರೆ ಎಂ.ಎ. ಮೊದಲು ಮುಗಿಸಿ. ಅದನ್ನು ದೂರಶಿಕ್ಷಣದಲ್ಲಿ ಮಾಡಬಹುದು.

ಇಗ್ನೋದ ಸ್ನಾತಕೋತ್ತರ ಡಿಪ್ಲೊಮಾವನ್ನು ಕೆಲಸ ಬಿಡದೆ ಓದಬಹುದು. ಒಂದು ಕ್ರೆಡಿಟ್ಟಿಗೆ 30 ಗಂಟೆ ಓದು ಎಂಬುದು ಇಗ್ನೋ ಲೆಕ್ಕ. ಹಾಗಾಗಿ ವಾರಕ್ಕೆ ಒಂದು ಭಾನುವಾರ ಸಾಕು ಅಂದುಕೊಂಡರೆ ಕೆಟ್ಟಿರಿ. ನಿಯೋಜಿತ ಬರಹಗಳನ್ನು ಕೊನೇ ದಿನಾಂಕದೊಳಗೆ ಕೊಡದಿದ್ದರೆ ಪರೀಕ್ಷೆ ಬರೆದರೂ ಆ ಪತ್ರಿಕೆ ಪೂರ್ಣವಾಗುವುದಿಲ್ಲ. ಪ್ರಾಜೆಕ್ಟ್ ವರದಿಯನ್ನು ಕಡೆಗೆ ಉಳಿಸಿಕೊಂಡವರದು ವರ್ಷ ಮುಂದಕ್ಕೆ ಹೋಗುತ್ತದೆ. ಈ ಡಿಪ್ಲೊಮಾ ಬಡ್ತಿಗೆ ಬೇಕಾದ ಅರ್ಹತೆಯಲ್ಲ. ಖಾಸಗಿ ಶಾಲೆಯ ಪ್ರಾಂಶುಪಾಲರ ಹುದ್ದೆಗೆ ಅರ್ಜಿ ಹಾಕುವಾಗ ತೂಕ ಕೊಡಬಹುದು, ಅಷ್ಟೇ.

ಒಂದು ಮಾತು ಖಚಿತವಾಗಿ ಹೇಳುತ್ತೇವೆ. ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕಂಗೆಡಿಸುವುದು ಆಡಳಿತ ಸಿದ್ಧಾಂತವಲ್ಲ. ನಗದು ಪುಸ್ತಕ, ಬಿಸಿಯೂಟದ ದಾಸ್ತಾನು ವಹಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜಂಟಿ ಖಾತೆ, ಮಾಹಿತಿ ಹಕ್ಕು ಅರ್ಜಿ. ಇವಕ್ಕೆ ನೆರವಾಗುವುದು ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆಗಳ ಅಕೌಂಟ್ಸ್ ಹೈಯರ್, ಜನರಲ್ ಲಾ ಪತ್ರಿಕೆಗಳ ಓದು. ನಿಮ್ಮ ಹುದ್ದೆಗೆ ಯಾವ ಪತ್ರಿಕೆ ಕಡ್ಡಾಯ ಎಂಬುದು 1974ರ ಸೇವಾ ಮತ್ತು ಕನ್ನಡ ಭಾಷಾ ಪರೀಕ್ಷೆಗಳ ನಿಯಮದ ಅನುಸೂಚಿಯಲ್ಲಿದೆ. ಕಡ್ಡಾಯವಿಲ್ಲದಿದ್ದರೂ ಆ ಪಠ್ಯ ಓದಿದರೆ ನಷ್ಟವಿಲ್ಲ. ಬಿಇಒ ಮಟ್ಟದ ಹುದ್ದೆಗೆ ನೇರ ನೇಮಕಾತಿ ಕರೆದರೆ, ಆ ಅಧಿಸೂಚನೆಯ ಅರ್ಹತೆ ಮತ್ತು ವಯೋಮಿತಿಯೇ ಕೊನೆಯ ಮಾತು.

ಪ್ರಶ್ನೆ: ಬಿ.ಎಸ್ಸಿ., ಬಿ.ಎಡ್. ಆಗಿದೆ. ಖಾಸಗಿ ಶಾಲೆಯಲ್ಲಿ ಗಣಿತ ಶಿಕ್ಷಕಿ. ವಿಶೇಷ ಶಿಕ್ಷಕಿಯಾಗಬೇಕೆಂದಿದ್ದೇನೆ. ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಸಾಕು ಎನ್ನುತ್ತಾರೆ. ಯಾವ ವಿಭಾಗ ಆರಿಸಲಿ? (ಶಿಕ್ಷಕಿ, ಬಾಗೇಪಲ್ಲಿ)

ಉತ್ತರ: ಸಾಲದು. ಬಿ.ಎಡ್.ಗೆ ಎನ್‌ಸಿಟಿಇ ಹೇಗೋ, ವಿಶೇಷ ಶಿಕ್ಷಣಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಹಾಗೆ. 1992ರ ಕಾಯ್ದೆಯಂತೆ ಮಾನ್ಯ ಕೋರ್ಸು ಮುಗಿಸಿ ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಾದ ಮೇಲೆ ಮಾತ್ರ ಈ ವೃತ್ತಿ ಮಾಡಬಹುದು. ಆ ಸಂಖ್ಯೆಯನ್ನು ಎಲ್ಲರೂ ಸಿಆರ್‌ಆರ್ ನಂಬರ್ ಎನ್ನುತ್ತಾರೆ. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಕಾಯ್ದೆಯ 13ನೇ ಕಲಮು ಹೇಳುತ್ತದೆ.

ನಿಮ್ಮ ಮುಂದಿರುವ ದಾರಿಗಳು: ವಿಶೇಷ ಬಿ.ಎಡ್., ಅಥವಾ ಈಗಿರುವ ಬಿ.ಎಡ್. ಜತೆ ಎರಡು ವರ್ಷದ ವಿಶೇಷ ಡಿಪ್ಲೊಮಾ. ಎರಡನೆಯ ಜೋಡಿಯನ್ನು ಕೆಲವು ನೇಮಕಾತಿ ಅಧಿಸೂಚನೆಗಳು ಒಪ್ಪುತ್ತವೆ, ಕೆಲವು ಕೇಳುವುದೇ ಇಲ್ಲ. ಪ್ರೌಢಶಾಲೆ ಗುರಿಯಾದರೆ ವಿಶೇಷ ಬಿ.ಎಡ್. ಮೇಲು. ಆರ್‌ಸಿಐ ಮಂಜೂರಾತಿ ಕಾಲೇಜಿಗೆ ಒಟ್ಟಾಗಿ ಸಿಗುವುದಿಲ್ಲ. ಕೋರ್ಸಿಗೆ, ವಿಭಾಗಕ್ಕೆ, ಸೀಟಿನ ಸಂಖ್ಯೆಗೆ, ಇಂತಿಷ್ಟು ವರ್ಷಕ್ಕೆ ಎಂದು ಪ್ರತ್ಯೇಕ. ಶ್ರವಣದೋಷ ವಿಭಾಗಕ್ಕೆ ಅನುಮತಿ ಇದೆ ಎಂಬ ಕಾರಣಕ್ಕೆ ಆಟಿಸಂ ವಿಭಾಗಕ್ಕೂ ಇದೆ ಎಂದಲ್ಲ. ಶುಲ್ಕ ಕಟ್ಟುವ ಮುನ್ನ ಪರಿಷತ್ತಿನ ಜಾಲತಾಣದಲ್ಲಿ ಈ ನಾಲ್ಕನ್ನೂ ತಾಳೆ ನೋಡಿ, ಆ ಪುಟದ ಪ್ರತಿಯನ್ನು ದಿನಾಂಕ ಸಮೇತ ಇಟ್ಟುಕೊಳ್ಳಿ. ಅನುಮತಿ ಮುಗಿದ ವರ್ಷದಲ್ಲಿ ಸೇರಿದವರಿಗೆ ಸಿಆರ್‌ಆರ್ ನಂಬರ್ ಸಿಗದೆ ಅಂಕಪಟ್ಟಿ ಮಾತ್ರ ಉಳಿಯುತ್ತದೆ.

ವಿಭಾಗದ ಬಗ್ಗೆ: ಕಿವುಡುತನದ ಕಡೆಗೆ ಒಲವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಷ್ಟು ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಆದರೆ ಸಾಮಾನ್ಯ ಶಾಲೆಯಲ್ಲೇ ಕೆಲಸ ಮಾಡುವುದಾದರೆ ನಮ್ಮ ಮತ ಬೌದ್ಧಿಕ ಅಸಾಮರ್ಥ್ಯ ಅಥವಾ ಕಲಿಕಾ ನ್ಯೂನತೆಯ ವಿಭಾಗಕ್ಕೆ. ತಾಲ್ಲೂಕು ಮಟ್ಟದ ಶಾಲೆಗಳಲ್ಲಿ ದಿನವೂ ಕಣ್ಣೆದುರು ಬರುವುದು ಅಂಥ ಮಕ್ಕಳೇ, ಮತ್ತು ಗಣಿತ ಕಲಿಸಿದ ನಿಮ್ಮ ಅನುಭವ ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ದೃಷ್ಟಿದೋಷದ ವಿಭಾಗ ಆರಿಸುವವರು ಕನ್ನಡ ಬ್ರೈಲ್ ಮಾತ್ರವಲ್ಲ, ಗಣಿತದ ಬ್ರೈಲ್ ಸಂಕೇತಗಳಿಗೂ ಬೇರೆಯೇ ಸಮಯ ಇಡಬೇಕು.

ಬಾಗೇಪಲ್ಲಿಯವರಿಗೆ ಇನ್ನೊಂದು ಎಚ್ಚರಿಕೆ. ಇದು ಶ್ರೀನಿವಾಸಪುರ, ಮುಳಬಾಗಿಲು, ಪಾವಗಡಕ್ಕೂ ಅನ್ವಯ. ಮನೆಯಲ್ಲಿ ತೆಲುಗು ಆಡುವ ಮಗುವಿಗೆ ಕನ್ನಡದಲ್ಲಿ ಪರೀಕ್ಷೆ ಕೊಟ್ಟು, ಉತ್ತರ ಬರಲಿಲ್ಲವೆಂದು 'ಕಲಿಕಾ ನ್ಯೂನತೆ' ಎಂದು ಬರೆದುಬಿಡುವ ತಪ್ಪು ಸುಲಭವಾಗಿ ಆಗುತ್ತದೆ. ಮೌಲ್ಯಮಾಪನದ ಅಭ್ಯಾಸ ಮಾಡುವಾಗ ಮೊದಲ ಪ್ರಶ್ನೆ ಮನೆಮಾತು ಯಾವುದು ಎಂದಿರಲಿ. ಸೂಚನೆಯನ್ನು ಎರಡೂ ಭಾಷೆಯಲ್ಲಿ ಕೊಟ್ಟು ನೋಡಿ. ತೊಂದರೆ ಎರಡರಲ್ಲೂ ಕಂಡರೆ ಮಾತ್ರ ಮುಂದಿನ ಹೆಜ್ಜೆ. ತೆಲುಗು ಬಲ್ಲ ವಿಶೇಷ ಶಿಕ್ಷಕಿಯ ಬೆಲೆ ಈ ಗಡಿ ತಾಲ್ಲೂಕುಗಳಲ್ಲಿ ಏನೆಂದು ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ಕಾಲೇಜಿಗೆ ಹೋಗದೆ ಬಿ.ಎಡ್. ಮಾಡಿಸಿಕೊಡುತ್ತೇವೆ, ಪರೀಕ್ಷೆಗೆ ಮಾತ್ರ ಬಂದರೆ ಸಾಕು ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ನಂಬಬಹುದೇ? (ಪದವೀಧರ, ಮುಳಬಾಗಿಲು)

ಉತ್ತರ: ಬೇಡ. ಬಿ.ಎಡ್.ನಲ್ಲಿ 20 ವಾರ ಶಾಲಾ ಅನುಭವ ಇದೆ, ಅದಕ್ಕೆ 90% ಹಾಜರಾತಿ ಕಡ್ಡಾಯ. ಪರೀಕ್ಷೆಗೆ ಮಾತ್ರ ಬರುವ ಬಿ.ಎಡ್. ಎಂಬುದು ನಿಯಮದಲ್ಲೇ ಇಲ್ಲ. ದೂರಶಿಕ್ಷಣದ ಬಿ.ಎಡ್. ಇರುವುದು ಈಗಾಗಲೇ ತರಬೇತಿ ಪಡೆದ ಪ್ರಾಥಮಿಕ ಶಿಕ್ಷಕರಿಗೆ ಅಥವಾ ಕಾಲೇಜಿಗೆ ಹೋಗಿ ಡಿ.ಇಎಲ್.ಇಡಿಯಂಥ (ಹಿಂದಿನ ಡಿ.ಎಡ್.) ಕೋರ್ಸು ಮುಗಿಸಿದವರಿಗೆ. ಬರೀ ಪದವಿ ಇರುವ ನಿಮಗೆ ಅದೂ ಇಲ್ಲ. ನೇಮಕಾತಿ ಹೊತ್ತಿನಲ್ಲಿ ಅಂಕಪಟ್ಟಿಯ ನೈಜತೆ ಪರಿಶೀಲನೆಗೆ ವಿಶ್ವವಿದ್ಯಾಲಯಕ್ಕೆ ಪತ್ರ ಹೋಗುತ್ತದೆ. ಸಿಕ್ಕಿಬೀಳುವುದು ಆಗ, ಏಜೆಂಟರ ಫೋನು ಬಂದ್ ಆಗುವುದೂ ಆಗಲೇ.

ಗಡಿಯಾಚೆ ಮದನಪಲ್ಲಿ ಕಡೆ ಸರಿಯಾಗಿ ತರಗತಿಗೆ ಹೋಗಿ ಓದುವುದಕ್ಕೆ ಅಡ್ಡಿಯಿಲ್ಲ. ಆದರೆ ಅಲ್ಲಿ ಕೊಡುವ ಎರಡು ಬೋಧನಾ ವಿಷಯಗಳು ನಿಮ್ಮ ಪದವಿಯ ಐಚ್ಛಿಕ ವಿಷಯಗಳಿಗೆ ಹೊಂದಬೇಕು. ಹೊಂದದಿದ್ದರೆ ಇಲ್ಲಿನ ನೇಮಕಾತಿಯಲ್ಲಿ ಅರ್ಜಿ ತಿರಸ್ಕಾರವಾಗಬಹುದು. ನಮ್ಮಲ್ಲಿ ಸರ್ಕಾರಿ ಕೋಟಾದ ಬಿ.ಎಡ್. ಸೀಟುಗಳನ್ನು ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಹಂಚುತ್ತದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು ಅರ್ಜಿ ಕರೆಯುವ ಮೊದಲೇ ಬಿಇಒ ಸಹಿ ಮಾಡಿಸಿ ಇಟ್ಟುಕೊಳ್ಳಿ.

ಇನ್ನೊಂದು: ನಿಮ್ಮ ಗುರಿ ಒಂದರಿಂದ ಐದನೇ ತರಗತಿಯಾದರೆ ಬಿ.ಎಡ್. ಉಪಯೋಗಕ್ಕೆ ಬರುವುದಿಲ್ಲ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ. ಆ ಹುದ್ದೆಗೆ ಡಿ.ಇಎಲ್.ಇಡಿ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಮಕ್ಕಳ ಆಪ್ತ ಸಲಹೆಯ ಕೆಲಸ ಕಲಿಯಬೇಕು. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲೇಬೇಕೇ? (ಶಿಕ್ಷಕ, ತಿಪಟೂರು)

ಉತ್ತರ: ತರಬೇತಿ ಪಡೆದ ಶಿಕ್ಷಕರಿಗೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಆಪ್ತಸಲಹೆ ಡಿಪ್ಲೊಮಾ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರಗಳಲ್ಲಿ ಒಂದು. ಒಂದು ವರ್ಷದಲ್ಲಿ ಮೊದಲ ಆರು ತಿಂಗಳು ಮನೆಯಿಂದ ಓದು, ಆಮೇಲೆ ಮೂರು ತಿಂಗಳು ಕೇಂದ್ರದಲ್ಲೇ ಇದ್ದು ತರಬೇತಿ, ಕೊನೆಯ ಮೂರು ತಿಂಗಳು ನಿಮ್ಮ ಊರಿನ ಕಡೆ ಪ್ರಾಯೋಗಿಕ ಕೆಲಸ. ಮಧ್ಯದ ಮೂರು ತಿಂಗಳ ರಜೆಯೇ ಇದರ ಗಂಟು. ಅದಕ್ಕೆ ಈಗಲೇ ಆಡಳಿತ ಮಂಡಳಿಯಿಂದ ಒಪ್ಪಿಗೆ ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ. ಈ ಡಿಪ್ಲೊಮಾ ಶಾಲೆಯ ಕೆಲಸಕ್ಕೆ. ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಂಡ ಮಗುವನ್ನು ಮನೋವೈದ್ಯರಿಗೆ ಕಳಿಸಬೇಕು.

ಪ್ರಶ್ನೆ: ನಮ್ಮ ಶಾಲೆಯ ಐದನೇ ತರಗತಿವರೆಗೆ ಏಳು ವಿಶೇಷ ಅಗತ್ಯದ ಮಕ್ಕಳಿದ್ದಾರೆ. ನಮ್ಮದೇ ಶಿಕ್ಷಕಿಯೊಬ್ಬರನ್ನು ಕಾರ್ಯಾಗಾರಕ್ಕೆ ಕಳಿಸಿದರೆ ನಡೆಯುತ್ತದೆಯೇ? (ಶಾಲಾ ಆಡಳಿತ ಮಂಡಳಿ, ಕೋಲಾರ)

ಉತ್ತರ: ನಡೆಯುವುದಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಅನುಪಾತವನ್ನು 2022ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೆ ಸೇರಿಸಲಾಗಿದೆ: ಐದನೇ ತರಗತಿವರೆಗೆ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಆರರಿಂದ ಎಂಟಕ್ಕೆ 15 ಮಕ್ಕಳಿಗೆ ಒಬ್ಬ. ಏಳು ಮಕ್ಕಳಿಗೆ ಒಬ್ಬರನ್ನು ನೇಮಿಸಿಕೊಳ್ಳಿ. ಬಂದವರ ಸಿಆರ್‌ಆರ್ ನಂಬರನ್ನು ಸಂದರ್ಶನದಲ್ಲೇ ಜಾಲತಾಣದಲ್ಲಿ ಪರೀಕ್ಷಿಸಿ. ಅವರನ್ನು ಗೈರುಹಾಜರಾದವರ ತರಗತಿ ತುಂಬಲು ಕಳಿಸಬೇಡಿ. ಪ್ರತಿ ಮಗುವಿಗೆ ವೈಯಕ್ತಿಕ ಶಿಕ್ಷಣ ಯೋಜನೆ ಬರೆದು, ಮೂರು ತಿಂಗಳಿಗೊಮ್ಮೆ ಪೋಷಕರ ಜತೆ ಕೂತು ತಿದ್ದುವುದಕ್ಕೇ ಅವರ ಸಮಯ ಬೇಕು. ಕಾರ್ಯಾಗಾರಕ್ಕೆ ಉಳಿದ ಶಿಕ್ಷಕರನ್ನು ಧಾರಾಳವಾಗಿ ಕಳಿಸಿ.

ಪ್ರಶ್ನೆ: ನನ್ನ ಸಿಆರ್‌ಆರ್ ನವೀಕರಣ ತಪ್ಪಿಹೋಗಿದೆ. ಹೊಸದಾಗಿ ಕೋರ್ಸು ಮಾಡಬೇಕೇ? (ವಿಶೇಷ ಶಿಕ್ಷಕಿ, ಚಿಂತಾಮಣಿ)

ಉತ್ತರ: ಕೋರ್ಸು ಬೇಡ, ಅಂಕ ಬೇಕು. ನೋಂದಣಿಯ ಐದು ವರ್ಷದಲ್ಲಿ ನಿರಂತರ ಪುನರ್ವಸತಿ ಶಿಕ್ಷಣದ (ಸಿಆರ್‌ಇ) 100 ಅಂಕ ಕೂಡಿಸಬೇಕು. ಆರ್‌ಸಿಐ ಮುಂಚೆಯೇ ಒಪ್ಪಿದ ಕಾರ್ಯಕ್ರಮಗಳ ಅಂಕ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬೇರೆ ವೆಬಿನಾರುಗಳ ಬಣ್ಣದ ಪ್ರಮಾಣಪತ್ರ ಎಷ್ಟಿದ್ದರೂ ಅಷ್ಟೇ. ಅರ್ಜಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಪದವಿಯಲ್ಲಿ ಮೊದಲಿಗೆ, ಆಧಾರ್‌ನಲ್ಲಿ ಗಂಡನ ಹೆಸರು. ಅರ್ಜಿಯನ್ನು ಎಸ್ಸೆಸ್ಸೆಲ್ಸಿಯಲ್ಲಿರುವಂತೆಯೇ ತುಂಬಿ, ವ್ಯತ್ಯಾಸಕ್ಕೆ ನೋಟರಿ ಪ್ರಮಾಣಪತ್ರ ಮಾಡಿಸಿ ಜತೆಗಿಡಿ.