ಉಡುಪಿ ಕಡೆ ಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಾರಲ್ಲ, ಅದರಿಂದ ಮಕ್ಕಳಿಗೆ ಏನು ಉಪಯೋಗ?

ದೊಡ್ಡ ಲಾಭ ಮಾತಿನದು. ಅರ್ಥವಾದದ್ದನ್ನು ಸ್ವಂತ ಮಾತಲ್ಲಿ ಹೇಳುವ ರೂಢಿ ಬೀಳುತ್ತದೆ. ಮಾರ್ಕು ಜಾಸ್ತಿ ಬರುತ್ತದಾ ಅಂದರೆ, ಆ ಭರವಸೆ ನಾನು ಕೊಡುವುದಿಲ್ಲ.

ಯಕ್ಷಗಾನದಲ್ಲಿ ಭಾಗವತರು ಪದ್ಯ ಹಾಡುತ್ತಾರೆ, ವೇಷಧಾರಿ ಕುಣಿಯುತ್ತಾರೆ. ಆಮೇಲೆ ಆ ಪದ್ಯವನ್ನು ಮಾತಿನಲ್ಲಿ ಬಿಡಿಸಿ ಹೇಳಬೇಕು. ಇದಕ್ಕೆ ‘ಅರ್ಥ ಹೇಳುವುದು’ ಅಂತಾರೆ. ಪದ್ಯ ಬರೆದಿಟ್ಟದ್ದು, ಮಾತು ಮಾತ್ರ ಆಶುವಾಗಿ, ಅಂದರೆ ಅಲ್ಲೇ ಹುಟ್ಟಬೇಕು. ಅಭಿಮನ್ಯು ವೇಷದ ಹುಡುಗಿಗೆ ಎದುರಿನ ದ್ರೋಣ, ‘ಬಾಲಕ, ವ್ಯೂಹದಿಂದ ಹೊರಬರುವ ದಾರಿ ಗೊತ್ತುಂಟೋ?’ ಅಂತ ಸುಮ್ನೆ ಕೆಣಕಿದರೆ ತಕ್ಷಣ ಜವಾಬು ಕೊಡಬೇಕು. ಬಾಯಿಪಾಠ ಅಲ್ಲಿ ಕೈಕೊಡುತ್ತದೆ. ವೇಷ, ಕುಣಿತ ಎರಡೂ ಇಲ್ಲದ ತಾಳಮದ್ದಳೆಯಲ್ಲಂತೂ ಮಾತೇ ಬಂಡವಾಳ.

ಹೊಸಬರಿಗೆ ಗುರುಗಳು ಮಾತು ಬರೆದುಕೊಡುವುದೂ ಉಂಟು. ವರ್ಷಗಟ್ಟಲೆ ಅದನ್ನೇ ಒಪ್ಪಿಸುತ್ತಿದ್ದರೆ ಈ ಲಾಭ ಅಷ್ಟಕ್ಕಷ್ಟೆ.